ಕೆಡೆಟ್ ಪೈಲಟ್ ಸೆಲೆಕ್ಷನ್‌ಗೆ ಎರಡು ಸಲ ಹೋಗಿ ಬಂದೆ, ಕಾರಣ ಮಾತ್ರ ಯಾರೂ ಹೇಳ್ಲಿಲ್ಲ

ಕೆಡೆಟ್ ಪೈಲಟ್ ಅಂದ್ರೆ ಏರ್‌ಲೈನೇ ಮೊದ್ಲು ಆರಿಸ್ಕೊಂಡು ಟ್ರೈನಿಂಗಿಗೆ ಕಳಿಸೋ ಪೈಲಟ್. ಅದರ ಅಪ್ಲಿಕೇಶನ್ ಫಾರ್ಮ್ ಓಪನ್ ಮಾಡಿದ್ರೆ ಹೆಸರು, ಹುಟ್ಟಿದ ತಾರೀಕು, ಹನ್ನೆರಡನೇ ಕ್ಲಾಸಿನ ಫಿಸಿಕ್ಸ್ ಮ್ಯಾಥ್ಸ್ ಮಾರ್ಕ್ಸು, ಎತ್ತರ, ಕನ್ನಡಕ ಇದ್ರೆ ಅದರ ಪವರ್ರು, ಇದೆಲ್ಲಾ ತುಂಬಿದ್ಮೇಲೆ ಕೆಳಗಡೆ ಒಂದು ಬಾಕ್ಸ್ ಬರತ್ತೆ. ಟ್ರೈನಿಂಗ್ ಖರ್ಚಿಗೆ ದುಡ್ಡು ಎಲ್ಲಿಂದ ಅಂತ. ಮೂರು ಆಯ್ಕೆ ಇತ್ತು. ಸ್ವಂತ ಹಣ, ಲೋನ್ ಸ್ಯಾಂಕ್ಷನ್ ಆಗಿದೆ, ಲೋನ್ ಇನ್ನೂ ಮಾಡಿಸ್ಬೇಕು. ನಾನು ಹತ್ತು ನಿಮಿಷ ಮೌಸ್ ಹಿಡ್ಕೊಂಡು ಕೂತಿದ್ದು ಆಮೇಲೆ ಮೂರನೇದು ಒತ್ತಿದೆ, ಯಾಕಂದ್ರೆ ನಿಜ ಅದೇ ಆಗಿತ್ತು. ಈ ಉತ್ತರವನ್ನ ಸೆಲೆಕ್ಷನ್‌ನಲ್ಲಿ ಲೆಕ್ಕಕ್ಕೆ ತಗೋತಾರಾ ಇಲ್ವಾ ಅಂತ ಆ ಪೇಜಲ್ಲಿ ಎಲ್ಲೂ ಬರೆದಿರ್ಲಿಲ್ಲ. ಎರಡು ಸಲ ಪೂರ್ತಿ ಪ್ರೋಸೆಸ್ ನೋಡಿ ಬಂದಿದೀನಿ, ಇವತ್ತಿಗೂ ನಂಗೆ ಗೊತ್ತಿಲ್ಲ. ಮುಂದೆ ಅಪ್ಲೈ ಮಾಡೋ ನಮ್ಮ ಹುಡುಗ ಹುಡುಗೀರಿಗೆ ಒಳಗೆ ಏನೇನಾಗತ್ತೆ ಅಂತ ಗೊತ್ತಿರ್ಲಿ, ನಂಗೆ ಎಲ್ಲಿ ಸರಿ ಅನ್ನಿಸ್ತು ಎಲ್ಲಿ ನೋವಾಯ್ತು ಅದೂ ಗೊತ್ತಿರ್ಲಿ ಅಂತ ಬರೀತಿದೀನಿ. ಏರ್‌ಲೈನ್ ಹೆಸರು ಹಾಕಲ್ಲ.

ನಮ್ಮನೆ ಮುಂಬಯಿಯ ಕುರ್ಲಾ ವೆಸ್ಟ್‌ನಲ್ಲಿ, ಪಗಡಿ ರೂಮು, ಅಂದ್ರೆ ಮೊದ್ಲು ಒಂದು ಮೊತ್ತ ಕೊಟ್ಟು ಆಮೇಲೆ ಕಡಿಮೆ ಬಾಡಿಗೆಗೆ ಇರೋ ಹಳೇ ಪದ್ಧತಿಯ ಬಾಡಿಗೆ ರೂಮು. ಅಪ್ಪಯ್ಯ ಕುಂದಾಪುರದ ಹತ್ರದ ಹಳ್ಳಿಯಿಂದ ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದವ್ರು, ಹಗಲು ಹೋಟ್ಲಲ್ಲಿ ಟೇಬಲ್ ಒರೆಸಿ ರಾತ್ರಿ ಫೋರ್ಟಿನ ಕನ್ನಡ ನೈಟ್ ಸ್ಕೂಲಲ್ಲಿ ಓದಿ ಮೆಟ್ರಿಕ್ ಪಾಸ್ ಮಾಡ್ದವ್ರು. ಈಗ ಮಾಟುಂಗಾದಲ್ಲಿ ಒಂದು ಉಡುಪಿ ಹೋಟ್ಲಿನ ಗಲ್ಲೆಯಲ್ಲಿ ಕೂರ್ತಾರೆ. ನಾನು ಪೈಲಟ್ ಆಗ್ಬೇಕು ಅಂದಾಗ ಅವ್ರು ಬೇಡ ಅನ್ಲಿಲ್ಲ, "ಎಷ್ಟ್ ಆತ್ತ್?" ಅಂತ ಒಂದೇ ಮಾತು ಕೇಳಿದ್ರು. ನಾನು ಹೇಳ್ದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಕಾಂಬ, ನೀ ಮೊದ್ಲ್ ಪರೀಕ್ಷಿ ಕಟ್ಟ್" ಅಂದ್ರು.

ಎಷ್ಟಾಗತ್ತೆ ಅನ್ನೋದನ್ನ ಗೊತ್ತಿಲ್ದವ್ರಿಗೆ ಹೇಳ್ಬಿಡ್ತೀನಿ. ಪೈಲಟ್ ಆಗೋಕೆ ಮುಖ್ಯವಾಗಿ ಎರಡು ದಾರಿ. ಒಂದು ನಾವೇ ಯಾವ್ದಾದ್ರೂ ಫ್ಲೈಯಿಂಗ್ ಸ್ಕೂಲಿಗೆ ಸೇರಿ 200 ಗಂಟೆ ಹಾರಿ, ಡಿಜಿಸಿಎ ಅಂದ್ರೆ ಸರ್ಕಾರದ ವಿಮಾನಯಾನ ಇಲಾಖೆ ನಡೆಸೋ ಪೇಪರ್‌ಗಳನ್ನ ಪಾಸ್ ಮಾಡಿ, ಸಿಪಿಎಲ್ ಅಂದ್ರೆ ಕಮರ್ಷಿಯಲ್ ಲೈಸೆನ್ಸ್ ತಗೊಂಡು, ಆಮೇಲೆ ಏರ್‌ಬಸ್ಸೋ ಬೋಯಿಂಗೋ ಒಂದರ ಟೈಪ್ ರೇಟಿಂಗ್, ಅಂದ್ರೆ ಆ ಒಂದು ಥರದ ವಿಮಾನ ಓಡಿಸೋ ಅರ್ಹತೆ, ಬೇರೆ ದುಡ್ಡು ಕೊಟ್ಟು ಮಾಡ್ಕೊಂಡು ಏರ್‌ಲೈನ್ ವೇಕೆನ್ಸಿ ಬಿಡೋ ತನಕ ಕಾಯೋದು. ಇನ್ನೊಂದು ಕೆಡೆಟ್ ದಾರಿ. ಇಲ್ಲಿ ಏರ್‌ಲೈನೇ ಮೊದ್ಲು ಆರಿಸ್ಕೊಳತ್ತೆ, ತನ್ನ ಜೊತೆ ಒಪ್ಪಂದ ಇರೋ ಸ್ಕೂಲಿಗೆ ಕಳಿಸತ್ತೆ, ಎಲ್ಲಾ ಸರಿಯಾಗಿ ಮುಗಿಸಿದ್ರೆ ಕೊನೇಲಿ ಜೂನಿಯರ್ ಫಸ್ಟ್ ಆಫೀಸರ್, ಅಂದ್ರೆ ಹೊಸ ಕೋ ಪೈಲಟ್ ಕೆಲಸ. ಕಾಯೋ ಭಯ ಕಡಿಮೆ, ಅದಕ್ಕೇ ಎಲ್ರಿಗೂ ಇದೇ ಬೇಕು. ಆದ್ರೆ ಟ್ರೈನಿಂಗ್ ದುಡ್ಡು ನಮ್ದೇ, ಎಲ್ಲಾ ಸೇರಿ ಒಂದು ಕೋಟಿ ಆಸುಪಾಸು, ಎಷ್ಟೋ ಕಡೆ ಅದಕ್ಕೂ ಮೇಲೆ. ಬೇರೆ ಕೆಲಸಗಳಲ್ಲಿ ಕಂಪನಿ ಆರಿಸ್ಕೊಂಡು ತಾನೇ ಟ್ರೈನಿಂಗ್ ಕೊಡತ್ತೆ. ಇಲ್ಲಿ ಆಯ್ಕೆ ಆದವನೇ ಗಿರಾಕಿನೂ ಆಗಿರ್ತಾನೆ, ಇಡೀ ಸೆಲೆಕ್ಷನ್‌ನ ಗೊಂದಲ ಹುಟ್ಟೋದು ಇಲ್ಲಿಂದ್ಲೇ ಅಂತ ನಂಗೆ ಆಮೇಲೆ ಅರ್ಥ ಆಯ್ತು.

ನಾನು ಮೊದಲನೇ ಸಲ ಅಪ್ಲೈ ಮಾಡಿದ್ದು 2023ರಲ್ಲಿ. ಆ ವರ್ಷ ಎಲ್ರ ಬಾಯಲ್ಲೂ ವಿಮಾನದ್ದೇ ಸುದ್ದಿ. ಫೆಬ್ರವರಿಲಿ ಏರ್ ಇಂಡಿಯಾ 470 ವಿಮಾನ ತಗೋತೀವಿ ಅಂತು, ಜೂನ್‌ನಲ್ಲಿ ಇಂಡಿಗೋ ಒಂದೇ ಏಟಿಗೆ 500ಕ್ಕೆ ಆರ್ಡರ್ ಕೊಡ್ತು, ಇನ್ನು ಸಾವಿರಾರು ಪೈಲಟ್ ಬೇಕು ಅಂತ ಪೇಪರಲ್ಲಿ ದಿನಾ ಬರ್ತಿತ್ತು. ಅದೇ ವರ್ಷ ಮೇನಲ್ಲಿ ಗೋ ಫಸ್ಟ್ ಅನ್ನೋ ಏರ್‌ಲೈನ್ ಹಾರಾಟ ನಿಲ್ಲಿಸ್ತು ಅನ್ನೋದನ್ನ ನಮ್ಮಂಥವ್ರು ಅಷ್ಟು ತಲೆಗೆ ಹಾಕ್ಕೊಳ್ಲಿಲ್ಲ. 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಸಾಲ ತೀರಿಸೋಕೆ ಒದ್ದಾಡಿದವ್ರ ಕಥೆ ಮುಂಬಯಿಯಲ್ಲಿ ಇದ್ದವ್ರಿಗೆ ಗೊತ್ತು, ಅಪ್ಪಯ್ಯಂಗೂ ಗೊತ್ತಿತ್ತು, ಹೋಟ್ಲಿಗೆ ಬರ್ತಿದ್ದ ಗಿರಾಕಿಗಳಲ್ಲೇ ಅಂಥವ್ರಿದ್ರು. ಆದ್ರೂ ಅವ್ರು ತಡೀಲಿಲ್ಲ.

ಮೊದಲನೇ ಸುತ್ತು ಆನ್‌ಲೈನ್ ಟೆಸ್ಟು, ಮ್ಯಾಥ್ಸ್, ಫಿಸಿಕ್ಸ್, ಇಂಗ್ಲಿಷು. ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಹನ್ನೆರಡನೇ ಕ್ಲಾಸ್ ಸರಿಯಾಗಿ ಓದಿದ್ರೆ ಆಗತ್ತೆ. ಎರಡನೇದೇ ಆಪ್ಟಿಟ್ಯೂಡು. ಅಂಧೇರಿ ಈಸ್ಟ್‌ನಲ್ಲಿ ಒಂದು ಆಫೀಸು, ಸಾಲಾಗಿ ಕಂಪ್ಯೂಟರು, ಪ್ರತಿಯೊಂದಕ್ಕೂ ಒಂದು ಜಾಯ್‌ಸ್ಟಿಕ್ಕು ಮತ್ತೆ ದಪ್ಪ ಹೆಡ್‌ಫೋನು. ಸ್ಕ್ರೀನ್ ಮಧ್ಯ ಒಂದು ಪ್ಲಸ್ ಗುರುತು, ಅದು ನಿಂತಲ್ಲಿ ನಿಲ್ಲಲ್ಲ, ಒಂದ್ಸಲ ಮೇಲೆ ಒಂದ್ಸಲ ಎಡಕ್ಕೆ ಜಾರ್ತಾನೇ ಇರತ್ತೆ, ಬಲಗೈಲಿ ಜಾಯ್‌ಸ್ಟಿಕ್ ಹಿಡಿದು ಅದನ್ನ ಸಣ್ಣ ವೃತ್ತದೊಳಗೇ ಇಟ್ಕೊಳ್ಬೇಕು. ಕಿವೀಲಿ ಒಂದು ದನಿ ಒಂದೊಂದೇ ಅಂಕಿ ಹೇಳ್ತಾ ಹೋಗತ್ತೆ, ಸಮಸಂಖ್ಯೆ ಸತತ ಮೂರು ಸಲ ಬಂದ ತಕ್ಷಣ ಎಡಗೈಲಿ ಒಂದು ಕೀ ಒತ್ಬೇಕು. ಇದರ ಮಧ್ಯ ಮೇಲ್ಗಡೆ ಮೂಲೇಲಿ ನಾಲ್ಕು ಮೀಟರು, ಯಾವ ಮುಳ್ಳು ಕೆಂಪು ಪಟ್ಟಿಗೆ ಹೋಗತ್ತೋ ಆ ನಂಬರ್ ಒತ್ಬೇಕು. ನಾನು ಜೀವನದಲ್ಲೇ ಜಾಯ್‌ಸ್ಟಿಕ್ ಮುಟ್ಟಿರ್ಲಿಲ್ಲ. ಬಸ್ಸಿನ ಕಂಬಿ ಹಿಡಿದ ಹಾಗೆ ಮುಷ್ಟಿ ಕಟ್ಟಿ ಹಿಡಿದೆ, ಪ್ಲಸ್ಸು ಸ್ಕ್ರೀನಿನ ಅಂಚಿಗೆ ಹೋಗಿ ಬಡೀತಿತ್ತು, ಅದನ್ನ ಎಳ್ಕೊಂಡು ಬರೋಷ್ಟರಲ್ಲಿ ಕಿವೀಲಿ ನಾಲ್ಕು ಅಂಕಿ ದಾಟಿರ್ತಿತ್ತು. ಪಕ್ಕದ ಸೀಟಿನ ಹುಡ್ಗನ್ನ ಕಣ್ಣಂಚಲ್ಲಿ ನೋಡ್ದೆ. ಮೊಣಕೈ ಮೇಜಿನ ಮೇಲೆ ಆರಾಮಾಗಿ ಊರಿ ಎರಡು ಬೆರಳು ಒಂದು ಹೆಬ್ಬೆರಳಲ್ಲಿ ಪೆನ್ನು ಹಿಡಿದ ಹಾಗೆ ಹಿಡ್ಕೊಂಡಿದ್ದ.

ಹೊರಗೆ ಬಂದಾಗ ಅದೇ ಹುಡ್ಗ ಲಿಫ್ಟ್ ಹತ್ರ ಫೋನಲ್ಲಿ "ಅವ್ವಾ, ಚಲೋ ಆತು, ಊಟ ಮಾಡಿ ಬಸ್ ಹತ್ತೇನಿ" ಅಂತಿದ್ದ. ಕನ್ನಡ ಕೇಳಿ ನಿಂತೆ. ಧಾರವಾಡ ಕಡೆಯವ್ರು, ಈಗ ಪುಣೆಯ ಕೋಥ್ರೂಡ್‌ನಲ್ಲಿ ಮನೆ. ಜಾಯ್‌ಸ್ಟಿಕ್ ಹಿಡಿಯೋದು ಎಲ್ಲಿ ಕಲ್ತೆ ಅಂತ ಕೇಳಿದ್ದಕ್ಕೆ ಮುಚ್ಚುಮರೆ ಇಲ್ದೆ ಹೇಳ್ದ, ಇದೇ ಥರದ ಟೆಸ್ಟ್‌ಗಳ ಪ್ರಾಕ್ಟೀಸ್ ಸಾಫ್ಟ್‌ವೇರ್ ಸಿಗತ್ತೆ, ಡಾಲರಲ್ಲಿ ಚಂದಾ ಕಟ್ಬೇಕು, ನಾಲ್ಕು ತಿಂಗಳಿಂದ ಮನೇಲಿ ದಿನಾ ಒಂದು ತಾಸು ಕೂರ್ತಿದೀನಿ ಅಂತ. ನಂಗೆ ಅವತ್ತಿನ ತನಕ ಅಂಥದ್ದೊಂದು ಇದೆ ಅಂತ್ಲೇ ಗೊತ್ತಿರ್ಲಿಲ್ಲ. ಏರ್‌ಲೈನ್ ಕಳಿಸಿದ ಮೇಲಲ್ಲಿ "ಈ ಪರೀಕ್ಷೆಗೆ ತಯಾರಿ ಬೇಕಾಗಿಲ್ಲ, ಚೆನ್ನಾಗಿ ನಿದ್ದೆ ಮಾಡಿ ಬನ್ನಿ" ಅನ್ನೋ ಅರ್ಥದಲ್ಲಿ ಬರೆದಿದ್ರು, ನಾನು ಅದನ್ನ ನಂಬಿ ನಿಜವಾಗ್ಲೂ ಒಂಬತ್ತು ಗಂಟೆಗೇ ಮಲಗಿದ್ದೆ.

ಐದನೇ ದಿನ ಮೇಲ್ ಬಂತು. ಮೂರು ಲೈನು. ಅಪ್ಲೈ ಮಾಡಿದ್ದಕ್ಕೆ ಥ್ಯಾಂಕ್ಸು, ಈ ಸಲ ಮುಂದಿನ ಹಂತಕ್ಕೆ ತಗೊಳ್ಳೋಕಾಗ್ತಿಲ್ಲ, ಒಂದು ವರ್ಷ ಆದ್ಮೇಲೆ ಮತ್ತೆ ಅಪ್ಲೈ ಮಾಡ್ಬಹುದು. ಎಷ್ಟು ಬಂತು, ಎಷ್ಟು ಬೇಕಿತ್ತು, ಯಾವುದ್ರಲ್ಲಿ ಹೋಯ್ತು, ಏನೂ ಇಲ್ಲ. ಆ ಸಲ ಜಾಯ್‌ಸ್ಟಿಕ್ಕಲ್ಲೇ ಹೋಯ್ತು ಅಂತ ನಂಗೆ ಗ್ಯಾರಂಟಿ ಅನ್ನಿಸ್ತಿತ್ತು, ಆದ್ರೂ ರಾತ್ರಿ ಮಲಗಿದಾಗ ಆ ಬಾಕ್ಸ್ ನೆನಪಾಗೋದು.

ಪುಣೆ ಹುಡ್ಗ ಆ ಸಲ ಇಂಟರ್ವ್ಯೂ ತನಕ ಹೋಗಿ ಅಲ್ಲಿ ಬಿದ್ದ. ಅವ್ನಿಗೂ ಕಾರಣ ಹೇಳ್ಲಿಲ್ಲ. ಅದಾದ ವಾರಕ್ಕೆ ಅವ್ನೇ ಫೋನ್ ಮಾಡಿ, "ಲೇ, ನನ್ನ ಲಾಗಿನ್ ತಗೋ, ನಾ ಹೆಂಗೂ ರಾತ್ರಿ ಹತ್ತಕ್ಕ ಮಲ್ಕೊಂಬಿಡ್ತೀನಿ, ಆಮ್ಯಾಲೆ ನೀ ಕೂಡು" ಅಂದ. ಇಬ್ರೂ ಒಂದೇ ಸೀಟಿಗೆ ಓಡ್ತಿರೋರು, ಅವ್ನು ಕೊಡ್ಬೇಕಾಗಿರ್ಲಿಲ್ಲ. ನಾನು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ ತಂದೆ, ಅದರ ಬುಡ ಅಲ್ಲಾಡ್ತಿತ್ತು, ಅಮ್ಮ ಹಳೇ ರಬ್ಬರ್ ಚಪ್ಪಲಿ ಕತ್ತರಿಸಿ ಕೆಳಗೆ ಅಂಟಿಸಿಕೊಟ್ರು. ರಾತ್ರಿ ಹತ್ತರಿಂದ ಹನ್ನೆರಡು, ಒಂದು ಪಾಳಿ ಥರ. ಮೊದಲನೇ ದಿನ ಮಲ್ಟಿಟಾಸ್ಕಿಂಗ್‌ನಲ್ಲಿ ನನ್ನ ಸ್ಕೋರು 31. ಮೂರು ತಿಂಗಳಾದ್ಮೇಲೆ 78. ನನ್ನ ತಲೆ ಅದೇ, ಕೈ ಅದೇ. ಹುಟ್ಟಿನಿಂದ ಬಂದ ಸಾಮರ್ಥ್ಯ ಅಳೀತೀವಿ ಅಂತ ಹೇಳೋ ಟೆಸ್ಟಲ್ಲಿ ಅಭ್ಯಾಸದಿಂದ ಇಷ್ಟು ಬದಲಾಗತ್ತೆ ಅಂದ್ರೆ, ಅಭ್ಯಾಸದ ಬಗ್ಗೆ ಗೊತ್ತಿದ್ದವ್ನು ಗೊತ್ತಿಲ್ದವ್ನು ಇಬ್ರನ್ನೂ ಒಂದೇ ಸಾಲಲ್ಲಿ ಕೂರ್ಸಿ ಅಳೆಯೋದು ಹೇಗೆ ಸರಿ? ಟೆಸ್ಟೇ ತಪ್ಪು ಅಂತ ನಾನು ಹೇಳ್ತಿಲ್ಲ. ಕಂಪ್ಯೂಟರ್ ಯಾರ ಮುಖ ನೋಡಲ್ಲ, ಯಾರ ಮಗ ಅಂತ ಕೇಳಲ್ಲ, ಅದು ದೊಡ್ಡ ವಿಷಯ. ಸ್ಯಾಂಪಲ್ ಟೆಸ್ಟ್ ಒಂದನ್ನ ಎಲ್ರಿಗೂ ಫ್ರೀಯಾಗಿ ಕಳಿಸಿದ್ರೆ ಸಾಕಿತ್ತು.

ಆ ಒಂದು ವರ್ಷ ಸುಮ್ನೆ ಕೂರ್ಬಾರ್ದು ಅಂತ ಡಿಜಿಸಿಎ ಪೇಪರ್‌ಗಳಿಗೆ ಕೋಚಿಂಗ್ ಸೇರಿದೆ. ನ್ಯಾವಿಗೇಶನ್, ಮೀಟಿಯರಾಲಜಿ, ರೆಗ್ಯುಲೇಶನ್ಸ್, ಟೆಕ್ನಿಕಲ್. ಇಲ್ಲಿ ನಂಗೆ ಒಂದು ವಿಚಾರ ತುಂಬಾ ಹಿಡಿಸ್ತು. ಪಾಸ್ ಮಾರ್ಕ್ 70 ಪರ್ಸೆಂಟ್ ಅಂತ ಮೊದ್ಲೇ ಹೇಳಿರ್ತಾರೆ, ಯಾರಿಗೆ 70 ಬಂತೋ ಅವ್ರೆಲ್ಲಾ ಪಾಸು. ಪಕ್ಕದವ್ನು 95 ತಗೊಂಡ ಅಂತ ನಾನು ಫೇಲಾಗಲ್ಲ. ರಿಸಲ್ಟ್ ನೋಡಿದ್ರೆ ನಂಬರ್ ಕಾಣತ್ತೆ, ನಂಗೆ ಮೊದಲನೇ ಸಲ ಮೀಟಿಯರಾಲಜಿಲಿ 66 ಬಂತು, ನಾಲ್ಕು ಕಡಿಮೆ ಅಂತ ಗೊತ್ತಾಯ್ತು, ಮಾನ್ಸೂನ್ ಮತ್ತೆ ಮೋಡಗಳ ಅಧ್ಯಾಯ ಮತ್ತೆ ಓದಿ ಮುಂದಿನ ಸಲ 81 ತಗೊಂಡೆ. ಫೇಲಾಗಿದ್ದಕ್ಕೆ ಬೇಜಾರಾಯ್ತು, ಅನ್ಯಾಯ ಆಯ್ತು ಅಂತ ಒಂದು ನಿಮಿಷಕ್ಕೂ ಅನ್ನಿಸ್ಲಿಲ್ಲ.

ನಮಗೆ ನ್ಯಾವಿಗೇಶನ್ ಹೇಳಿಕೊಡ್ತಿದ್ದ ಸರ್ ಹತ್ರ ಸಿಪಿಎಲ್ ಇತ್ತು. ಮೂರು ವರ್ಷದಿಂದ ಕೆಲಸ ಇಲ್ದೆ ಪಾಠ ಮಾಡ್ತಿದ್ರು. ಒಂದಿನ ಕ್ಲಾಸ್ ಮುಗಿದ್ಮೇಲೆ ಕೆಳಗೆ ಚಾ ಅಂಗಡೀಲಿ ಅವ್ರು ಹೇಳಿದ ಮಾತು ನನ್ನನ್ನ ಬಹಳ ದಿನ ಕಾಡ್ತು. "ನೀನು ಕೆಡೆಟ್‌ನಲ್ಲಿ ನಂಗೆ ಅನ್ಯಾಯ ಆಯ್ತು ಅಂತೀಯ, ನಾನು 200 ಗಂಟೆ ಹಾರಿ ಲೈಸೆನ್ಸ್ ಇಟ್ಕೊಂಡು ನಿಂತಿದೀನಿ, ನಾಳೆ ನಿನ್ನಂಥ ಹದಿನೆಂಟು ವರ್ಷದವ್ನು ಒಂದು ಗಂಟೆನೂ ಹಾರದೆ ಕೆಡೆಟ್ ಆಗಿ ನನ್ನ ಸೀಟು ತಗೋತಾನೆ, ಆಗ ನಾನು ಯಾರನ್ನ ಕೇಳ್ಬೇಕು?" ಅಂದ್ರು. ಸಿಟ್ಟಲ್ಲಿ ಹೇಳಿದ್ದಲ್ಲ, ಚಾ ಕುಡೀತಾ ಮೆತ್ತಗೆ ಹೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಏರ್‌ಲೈನ್‌ಗೆ ಕೆಡೆಟ್ ಯಾಕೆ ಬೇಕು ಅಂದ್ರೆ ಮೊದಲನೇ ದಿನದಿಂದ ತಮಗೆ ಬೇಕಾದ ಹಾಗೆ ತಿದ್ದಬಹುದು, ಅದು ಅರ್ಥ ಆಗತ್ತೆ. ಆದ್ರೆ ಆ ಸರ್‌ಗೂ ಒಂದು ಮೇಲ್ ಬಂದಿರತ್ತಲ್ಲ, ಅಲ್ಲೂ ಕಾರಣ ಇರ್ಲಿಲ್ಲವಂತೆ.

ಮೆಡಿಕಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ನನ್ನ ತಲೆ ಸರಿ ಮಾಡಿದ್ದು ಅದು. ಕ್ಲಾಸ್ ಟೂ, ಅಂದ್ರೆ ಮೊದಲನೇ ಹಂತದ ಮೆಡಿಕಲ್, ಮುಂಬಯಿಯಲ್ಲೇ ಆಯ್ತು. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ ಒನ್‌ಗೆ ಬೆಂಗಳೂರಿನ ಏರ್‌ಫೋರ್ಸ್‌ನವ್ರ ಏರೋಸ್ಪೇಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಲ್ಲಿ ಡೇಟ್ ಸಿಕ್ತು. ದಾದರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಿಗ್ಗೆ ಇಳಿದು ಬಸವನಗುಡಿಯಲ್ಲಿ ಮಾವನ ಮನೇಲಿ ಉಳ್ಕೊಂಡೆ. ರಕ್ತ, ಇಸಿಜಿ, ಎಕ್ಸ್‌ರೇ, ಬಣ್ಣದ ಚುಕ್ಕೆಗಳ ಪುಸ್ತಕ, ಕಣ್ಣಿಗೆ ಡ್ರಾಪ್ಸ್ ಹಾಕಿ ಗಂಟೆಗಟ್ಲೆ ಕೂರ್ಸೋದು, ಆಮೇಲೆ ಕಿವಿ. ಸಣ್ಣ ಕೋಣೆ, ಬಾಗಿಲು ಹಾಕಿದ್ರೆ ನಮ್ಮ ಉಸಿರೇ ಜೋರಾಗಿ ಕೇಳತ್ತೆ, ಹೆಡ್‌ಫೋನಲ್ಲಿ ಕುಂಯ್ ಅಂತ ಸಣ್ಣ ಸದ್ದು ಬಂದಾಗ ಬಟನ್ ಒತ್ಬೇಕು. ಬಲಗಿವೀಲಿ ನಾನು ಕಾಯ್ತಾ ಕೂತೆ, ಸದ್ದೇ ಬರ್ತಿಲ್ಲ ಅನ್ಕೊಂಡೆ, ಅದು ಬಂದು ಹೋಗಿತ್ತು. ಡಾಕ್ಟ್ರು ಗ್ರಾಫ್ ತಿರುಗಿಸಿ ನನಗೇ ತೋರಿಸಿದ್ರು. ಸದ್ದು ಎಷ್ಟು ಜೋರಾದ್ರೆ ಕಿವಿಗೆ ಕೇಳತ್ತೆ ಅನ್ನೋದರ ಲೆಕ್ಕ ಇದು, 500, 1000, 2000 ಹರ್ಟ್ಜ್‌ನಲ್ಲಿ 35 ಡೆಸಿಬೆಲ್ ದಾಟಬಾರ್ದು, 3000ದಲ್ಲಿ 50 ದಾಟಬಾರ್ದು, ನಿನ್ನದು ಇಲ್ಲಿ ನೋಡು 55 ಇದೆ ಅಂತ ಪೆನ್ನಿನ ತುದಿ ಇಟ್ಟು ಹೇಳಿದ್ರು. ಕಿವಿಯೊಳಗೆ ನೋಡಿ ಗುಗ್ಗೆ ಗಟ್ಟಿಯಾಗಿ ಕೂತಿದೆ, ತೆಗೆಸ್ಕೊಂಡು ಬಾ ಅಂದ್ರು. ಅವತ್ತು ನಂಗೆ ಫಿಟ್ ಸಿಗ್ಲಿಲ್ಲ, ಆದ್ರೆ ಏನು ಕೊರತೆ, ಎಷ್ಟು ಕೊರತೆ, ಮುಂದೇನು ಮಾಡ್ಬೇಕು ಎಲ್ಲಾ ತಿಳ್ಕೊಂಡು ಹೊರಗೆ ಬಂದೆ. ಮಾವನ ಪರಿಚಯದ ಇಎನ್‌ಟಿ ಡಾಕ್ಟ್ರು ಗುಗ್ಗೆ ತೆಗೆದ್ರು, ಮತ್ತೆ ಟೆಸ್ಟ್ ಆಯ್ತು, 3000ದಲ್ಲಿ 20. ಫಿಟ್.

ಅಲ್ಲಿ ಯಾರೂ ನಂಗೆ ದಯೆ ತೋರಿಸ್ಲಿಲ್ಲ, ರೂಲ್ಸ್ ಸಡಿಲ ಮಾಡ್ಲಿಲ್ಲ. ಗೆರೆ ಎಲ್ಲಿದೆ ಅಂತ ತೋರಿಸಿದ್ರು, ಅಷ್ಟೇ. ವಾಪಸ್ ಬರೋವಾಗ ಟ್ರೈನಲ್ಲಿ ಕಲಬುರಗಿ ದಾಟೋ ತನಕ ಇದನ್ನೇ ಯೋಚಿಸ್ತಿದ್ದೆ, ಒಂದು ಕೋಟಿ ಖರ್ಚು ಮಾಡೋಕೆ ತಯಾರಾಗಿ ಬಂದವ್ನಿಗೆ ಏರ್‌ಲೈನ್‌ನವ್ರು ಇಷ್ಟನ್ನ ಯಾಕೆ ಮಾಡ್ಬಾರ್ದು?

ದುಡ್ಡಿನ ಕೆಲಸ ಈ ಮಧ್ಯೆ ಅಪ್ಪಯ್ಯ ಶುರು ಮಾಡಿದ್ರು. ಇಷ್ಟು ದೊಡ್ಡ ಎಜುಕೇಶನ್ ಲೋನ್‌ಗೆ ಬ್ಯಾಂಕಿನವ್ರು ಆಸ್ತಿ ಅಡ ಕೇಳ್ತಾರೆ. ಪಗಡಿ ರೂಮು ಅಡ ಇಡೋಕಾಗಲ್ಲ, ಅದು ನಮ್ಮ ಮಾಲೀಕತ್ವದ್ದಲ್ಲ. ಊರಲ್ಲಿ ಮನೆ ಜಾಗ ಇದೆ, ಆದ್ರೆ ಪಹಣಿ ಇನ್ನೂ ಅಜ್ಜಿ ಹೆಸರಲ್ಲಿತ್ತು, ಪಾಲಾಗಿಲ್ಲ, ಐದು ಜನರ ಸಹಿ ಬೇಕು. ಅಪ್ಪಯ್ಯ ಎರಡು ಸಲ ರಜೆ ಹಾಕಿ ಊರಿಗೆ ಹೋಗಿ ಬಂದ್ರು. ದೊಡ್ಡಪ್ಪ ಮೊದಲನೇ ದಿನವೇ "ಮಾಣಿ ಓದುಕೆ ಅಲ್ದಾ, ನಾ ಸಹಿ ಹಾಕ್ತೆ" ಅಂದ್ರಂತೆ. ಮೂರು ಸಹಿ ಆಯ್ತು, ಎರಡು ಉಳೀತು.

2024ರಲ್ಲಿ ಮತ್ತೆ ಫಾರ್ಮ್ ಬಂತು, ಅದೇ ಬಾಕ್ಸು ಅದೇ ಮೂರು ಆಯ್ಕೆ. ಕೋಚಿಂಗಲ್ಲಿ ಜೊತೆ ಇದ್ದವ್ರು "ಸ್ವಂತ ಹಣ ಅಂತ ಒತ್ತು, ಆಮೇಲೆ ನೋಡ್ಕೊಂಡ್ರಾಯ್ತು, ಎಲ್ರೂ ಹಾಗೇ ಮಾಡೋದು" ಅಂದ್ರು. ಇದು ನಿಜಾನೋ ಸುಳ್ಳೋ ಯಾರಿಗೂ ಗೊತ್ತಿಲ್ಲ, ಆದ್ರೆ ಏರ್‌ಲೈನ್ ಬಾಯಿ ಬಿಡದೇ ಇರೋದ್ರಿಂದ ಇಂಥ ಮಾತೇ ಶಾಸ್ತ್ರ ಆಗಿಬಿಡತ್ತೆ. ನಾನು ಮತ್ತೆ ಮೂರನೇದೇ ಒತ್ತಿದೆ. ಹೀಗೆ ಸುಳ್ಳು ಹೇಳಿ ಕಾಕ್‌ಪಿಟ್‌ಗೆ ಹೋಗೋದು ನನ್ನ ಕೈಲಿ ಆಗ್ತಿರ್ಲಿಲ್ಲ.

ಈ ಸಲ ಆಪ್ಟಿಟ್ಯೂಡಲ್ಲಿ ಪ್ಲಸ್ ಗುರುತು ವೃತ್ತದೊಳಗೇ ಇತ್ತು. ಪಾಸ್. ಗ್ರೂಪ್ ಎಕ್ಸರ್‌ಸೈಜು ಮತ್ತೆ ಇಂಟರ್ವ್ಯೂ ಒಂದೇ ದಿನ, ಏರ್‌ಪೋರ್ಟ್ ಹತ್ರದ ಒಂದು ಹೋಟ್ಲಲ್ಲಿ. ಘಾಟ್ಕೋಪರಿಂದ ಮೆಟ್ರೋ ಹಿಡಿದು ಚಕಾಲಾದಲ್ಲಿ ಇಳಿದೆ. ಒಂದೊಂದು ಗುಂಪಿಗೆ ಎಂಟು ಜನ. ಶುರುವಲ್ಲೇ "ನೀವು ಒಬ್ರಿಗೊಬ್ರು ಎದುರಾಳಿಗಳಲ್ಲ, ಎಂಟೂ ಜನ ಪಾಸಾಗ್ಬಹುದು, ಎಂಟೂ ಜನ ಫೇಲಾಗ್ಬಹುದು" ಅಂದ್ರು. ಕೇಳೋಕೆ ಚೆನ್ನಾಗಿತ್ತು. ಆದ್ರೆ ಸೀಟು ಎಷ್ಟು ಅಂತ ಹೇಳ್ಲಿಲ್ಲ, ಸೀಟು ಲೆಕ್ಕದ್ದೇ ಆಗಿರೋವಾಗ ಆ ಮಾತನ್ನ ಯಾರು ನಂಬ್ತಾರೆ.

ಕೊಟ್ಟ ಸಮಸ್ಯೆ ಹೀಗಿತ್ತು. ಸಮುದ್ರದಲ್ಲಿ ದೋಣಿ ಕೆಟ್ಟು ನಿಂತಿದೆ, 90 ನಾಟಿಕಲ್ ಮೈಲಿ ದೂರ, ನಿಮ್ಮ ಹತ್ರ ಇರೋ ಹೆಲಿಕಾಪ್ಟರ್ 120 ನಾಟ್ಸ್, ಅಂದ್ರೆ ಗಂಟೆಗೆ 120 ನಾಟಿಕಲ್ ಮೈಲಿ ಸ್ಪೀಡಲ್ಲಿ ಹೋಗತ್ತೆ, ಇಂಧನ 80 ನಿಮಿಷಕ್ಕಾಗತ್ತೆ, ಇನ್ನೂ ಏನೇನೋ ದೋಣಿ, ಹಡಗು, ಗಾಯಾಳುಗಳ ಪಟ್ಟಿ. ಇಪ್ಪತ್ತು ನಿಮಿಷದಲ್ಲಿ ಪ್ಲಾನ್ ಮಾಡಿ. ಇಬ್ರು ಹುಡುಗ್ರು ತುಂಬಾ ಚೆಂದ ಇಂಗ್ಲಿಷಲ್ಲಿ, ಹೆಲಿಕಾಪ್ಟರ್ ಕಳಿಸೋಣ, 45 ನಿಮಿಷ ಸಾಕು, ಬೇಕಾದಷ್ಟು ಇಂಧನ ಇದೆ ಅಂತ ತೀರ್ಮಾನ ಮಾಡಿ ಮುಂದೆ ಹೋದ್ರು. ನಾನು ಲೆಕ್ಕ ಮಾಡ್ದೆ. ನಿಮಿಷಕ್ಕೆ ಎರಡು ಮೈಲಿ, ಹೋಗೋಕೆ 45 ಸರಿ, ಬರೋಕೆ ಇನ್ನೊಂದು 45, ಒಟ್ಟು 90, ಇಂಧನ ಇರೋದು 80ಕ್ಕೆ. ಹೇಳ್ದೆ. ನನ್ನ ದನಿ ಸಣ್ಣದಿತ್ತೋ ಏನೋ, ಮಾತು ಮುಂದೆ ಹೋಗ್ಬಿಡ್ತು. ಎರಡನೇ ಸಲ ಹೇಳೋವಾಗ ನನ್ನ ಎದುರಿಗಿದ್ದ ನಾಗ್ಪುರದ ಹುಡುಗಿ ಕೈ ಎತ್ತಿ, ಒಂದು ನಿಮಿಷ, ಇವ್ರು ಏನೋ ಹೇಳ್ತಿದಾರೆ, ಪೂರ್ತಿ ಹೇಳ್ಲಿ ಅಂದ್ಲು. ಎಲ್ರೂ ನಿಂತ್ರು, ಲೆಕ್ಕ ನೋಡಿದ್ರು, ಪ್ಲಾನ್ ಬದಲಾಯ್ತು. ಮೂಲೇಲಿ ಕೂತು ನಮ್ಮನ್ನ ಅಳೀತಿದ್ದ ಇಬ್ರೂ ಅಸೆಸರ್‌ಗಳ ಪೆನ್ನು ಓಡ್ತಿತ್ತು. ಅವ್ರು ಅವ್ಳ ಹೆಸರಿನ ಮುಂದೆ ಏನು ಬರೆದ್ರು ಅಂತ ನಂಗೆ ಈಗ್ಲೂ ತಿಳ್ಕೊಳ್ಳೋ ಆಸೆ. ನನ್ನ ಕಣ್ಣಲ್ಲಿ ಅವತ್ತು ಕಾಕ್‌ಪಿಟ್‌ಗೆ ತಕ್ಕ ಕೆಲಸ ಮಾಡಿದ್ದು ಅವ್ಳೇ.

ಇಂಟರ್ವ್ಯೂನಲ್ಲಿ ಮೂರು ಜನ. ಒಬ್ರು ಕ್ಯಾಪ್ಟನ್, ಬಿಳಿ ಕೂದಲು, ಮನೆ ಎಲ್ಲಿ ಅಂತ ಕೇಳಿ ಕುರ್ಲಾ ಅಂದ ತಕ್ಷಣ, ಹಾಗಾದ್ರೆ ನಿನ್ನ ಮನೆ ಮೇಲೆ ಯಾವ ರನ್‌ವೇಗೆ ಇಳೀತಾರೆ ಅಂದ್ರು. 27 ಅಂದೆ. ಯಾಕೆ 27? ದಿಕ್ಸೂಚಿಯಲ್ಲಿ ಹತ್ರಹತ್ರ 270 ಡಿಗ್ರಿ, ಪಶ್ಚಿಮಕ್ಕೆ ಮುಖ, ಇಲ್ಲಿ ಹೆಚ್ಚಾಗಿ ಗಾಳಿ ಸಮುದ್ರದ ಕಡೆಯಿಂದ ಬರತ್ತೆ, ಗಾಳಿಗೆ ಎದುರಾಗಿ ಇಳೀಬೇಕು ಅದಕ್ಕೆ ಅಂದೆ. ಅದೇ ಪಟ್ಟಿಯ ಇನ್ನೊಂದು ತುದಿಗೆ ಏನು ಹೆಸರು? 09. ಅವ್ರು ನಕ್ಕು, ಮಳೆಗಾಲದಲ್ಲಿ ನಿಮ್ಮನೆ ಮೇಲೆ ಗೋ ಅರೌಂಡ್, ಅಂದ್ರೆ ವಿಮಾನ ಇಳಿಯೋಕೆ ಬಂದು ಇಳೀದೆ ಮತ್ತೆ ಮೇಲೇರೋದನ್ನ, ನೋಡಿದೀಯಾ ಅಂತ ಕೇಳಿದ್ರು, ನೋಡಿದ್ದೆ, ಹೇಳ್ದೆ, ಹತ್ತು ನಿಮಿಷ ಬರೀ ಅದೇ ಮಾತು. ಅಷ್ಟು ಖುಷಿಯ ಹತ್ತು ನಿಮಿಷ ಆ ಎರಡು ವರ್ಷದಲ್ಲಿ ನಂಗೆ ಸಿಕ್ಕಿರ್ಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಎಚ್‌ಆರ್ ಮೇಡಂ ಫೈಲ್ ತೆಗೆದು, ಆಯ್ಕೆ ಆದ್ರೆ ಮೊದಲನೇ ಕಂತು ಎಷ್ಟು ದಿನದಲ್ಲಿ ಕಟ್ತೀರ ಅಂದ್ರು. ನಾನು ಪಹಣಿ, ಸಹಿ, ಬ್ಯಾಂಕು ಎಲ್ಲಾ ಮನಸ್ಸಲ್ಲೇ ಕೂಡಿಸಿ, 45 ದಿನ ಅಂದೆ. ಅವ್ರು ಬರ್ಕೊಂಡ್ರು. ಪುಣೆ ಹುಡ್ಗನಿಗೂ ಇದೇ ಪ್ರಶ್ನೆ ಬಂದಿತ್ತಂತೆ, ಅವ್ನು ಒಂದು ವಾರ ಅಂದಿದ್ನಂತೆ.

ಅವ್ನು ಸೆಲೆಕ್ಟ್ ಆದ. ನಂಗೆ ಮೂರು ಲೈನ್ ಮೇಲ್ ಬಂತು.

ಅವ್ನು ಆಗಿದ್ದು ಸರಿಯೇ. ಅವ್ನ ಕೈ, ಅವ್ನ ತಾಳ್ಮೆ ನಾನು ನೋಡಿದೀನಿ, ಮುಂದೆ ಅವ್ನು ಓಡಿಸೋ ವಿಮಾನದಲ್ಲಿ ನಮ್ಮ ಅಮ್ಮನ್ನ ಧೈರ್ಯವಾಗಿ ಕೂರಿಸ್ತೀನಿ. ನಾನು ಇಂಟರ್ವ್ಯೂನಲ್ಲೇ ಎಲ್ಲೋ ಕಡಿಮೆ ಬಿದ್ದಿರ್ಬಹುದು, ಗ್ರೂಪಲ್ಲಿ ದನಿ ಸಣ್ಣದಾಯ್ತು ಅಂತ ಬಿಟ್ಟಿರ್ಬಹುದು. ಹಾಗಾಗಿದ್ರೆ ದನಿ ಸರಿ ಮಾಡ್ಕೋತೀನಿ, ಕಿವಿ ಸರಿ ಮಾಡ್ಕೊಂಡ ಹಾಗೆ. 45 ದಿನ ಅಂದಿದ್ದಕ್ಕೆ ಬಿಟ್ರು ಅಂದ್ರೆ ಅದನ್ನೂ ಹೇಳ್ಲಿ, ಮುಂದಿನ ಸಲ ಸಹಿಗಳೆಲ್ಲಾ ಆದ್ಮೇಲೇ ಬರ್ತೀನಿ. ಯಾವುದು ಅಂತ ಗೊತ್ತಿಲ್ದೆ ಇರೋದ್ರಿಂದ ಮನೇಲಿ ಅಪ್ಪಯ್ಯ ತನ್ನಿಂದ್ಲೇ ಆಯ್ತು ಅಂತ ಅನ್ಕೊಂಡು ಕೂತಿದಾರೆ. ಬಾಯಿ ಬಿಟ್ಟು ಹೇಳಲ್ಲ, ಆದ್ರೆ ಆ ಮೇಲ್ ಬಂದ ವಾರದಿಂದ ಭಾನುವಾರ ಕೂಡ ಗಲ್ಲೆಗೆ ಹೋಗ್ತಿದಾರೆ. ನಂಗೆ ಅತಿ ಹೆಚ್ಚು ನೋವಾಗಿದ್ದು ಇಲ್ಲಿ.

ನಾನು ಏರ್‌ಲೈನ್‌ಗೆ ಮರ್ಯಾದೆಯಿಂದ ಒಂದು ಮೇಲ್ ಬರೆದೆ, ಯಾವ ಹಂತದಲ್ಲಿ ಎಷ್ಟು ಕಡಿಮೆ ಆಯ್ತು ಹೇಳಿ, ದುಡ್ಡಿನ ಪ್ರಶ್ನೆ ಆಯ್ಕೆಗೆ ಲೆಕ್ಕವಾ ಅಂತ ಹೇಳಿ ಅಂತ. ಒಬ್ಬೊಬ್ರಿಗೂ ಫೀಡ್‌ಬ್ಯಾಕ್ ಕೊಡೋ ಪದ್ಧತಿ ಇಲ್ಲ ಅಂತ ಉತ್ತರ ಬಂತು. ಅವ್ರ ಕಷ್ಟನೂ ಇರತ್ತೆ, ಸಾವಿರಾರು ಜನ ಅಪ್ಲೈ ಮಾಡ್ತಾರೆ, ಹೇಳಿದ್ರೆ ಟೆಸ್ಟಿನ ಗುಟ್ಟು ಹೊರಗೆ ಹೋಗತ್ತೆ ಅನ್ನೋ ಭಯ ಇರ್ಬಹುದು. ಆದ್ರೆ ಆ ಗುಟ್ಟು ಆಗ್ಲೇ ಹೊರಗಿದೆ, ಚಂದಾ ಕಟ್ಟೋಕೆ ಆಗೋರಿಗೆಲ್ಲಾ ಗೊತ್ತಿದೆ, ಗೊತ್ತಿಲ್ದೆ ಇರೋದು ಕಟ್ಟೋಕಾಗ್ದೇ ಇರೋರಿಗೆ ಮಾತ್ರ. ಸಾವಿರಾರು ಜನಕ್ಕೆ ಬೇಡ, ಕೊನೇ ಹಂತಕ್ಕೆ ಬಂದವ್ರಿಗಾದ್ರೂ ನಾಲ್ಕು ಸಾಲು ಬರೀಬಹುದಲ್ಲ. ಆ ಬಾಕ್ಸನ್ನ ಫಾರ್ಮ್‌ನಿಂದ ತೆಗೆದು ಆಯ್ಕೆ ಪಟ್ಟಿ ಬಂದ್ಮೇಲೆ ಕೇಳ್ಬಹುದಲ್ಲ, ಆಗ 45 ದಿನ ಟೈಮ್ ಕೊಟ್ರೆ ಅವ್ರಿಗೇನು ನಷ್ಟ?

ಈ ಉತ್ತರ ಓದಿ ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, "ಹೋಟ್ಲಿಗೆ ಕೆಲ್ಸ ಕೇಂಡ್ಕಂಡ್ ಬಂದ್ ಮಾಣಿ ಹತ್ರ ಬೇಡ ಅಂದ್ರೆ, ಎಂತಕ್ ಬೇಡ ಅಂತ ನಾ ಹೇಳಿಯೇ ಕಳ್ಸುದ್. ಹೇಳ್ಕ್ ಅಲ್ದಾ."

ಈಗ ಸಹಿ ನಾಲ್ಕಾಗಿದೆ, ಐದನೇದು ಈ ಮಳೆಗಾಲ ಕಳೆದ ಮೇಲೆ ಆಗತ್ತೆ ಅಂತ ದೊಡ್ಡಪ್ಪ ಹೇಳಿದಾರೆ. ನಾನು ಏರ್‌ಪೋರ್ಟಲ್ಲಿ ಗ್ರೌಂಡ್ ಸ್ಟಾಫ್ ಕೆಲಸ ಮಾಡ್ತಿದೀನಿ, ನೈಟ್ ಶಿಫ್ಟು. ಚಪ್ಪಲಿ ರಬ್ಬರ್ ಅಂಟಿಸಿದ ಜಾಯ್‌ಸ್ಟಿಕ್ಕು ಮತ್ತೆ ಪುಣೆಯವನ ಲಾಗಿನ್ನು, ಎರಡನ್ನೂ ಅವ್ನ ಒಪ್ಪಿಗೆ ಕೇಳಿ ಡೊಂಬಿವ್ಲಿಯ ಒಬ್ಳು ಹುಡುಗಿಗೆ ಕೊಟ್ಟಿದ್ದೆ, ನಮ್ಮ ಅಮ್ಮನ ಪರಿಚಯದವ್ರ ಮಗಳು, ಹನ್ನೆರಡನೇ ಕ್ಲಾಸ್ ಮುಗಿಸಿ ಮೊದಲನೇ ಸಲ ಅಪ್ಲೈ ಮಾಡಿದ್ಲು. ಪ್ರಾಕ್ಟೀಸ್‌ಗೆ ಅವ್ಳಿಗೆ ಸಿಕ್ಕಿದ್ದು ಆರೇ ವಾರ. ಹೋದ ಶುಕ್ರವಾರ ಅವ್ಳು ಮನೆಗೆ ಬಂದು ಫೋನ್ ನನ್ನ ಕೈಲಿ ಕೊಟ್ಲು. ನಾನು ನನ್ನ ಹಳೇ ಮೇಲ್ ತೆಗೆದು ಪಕ್ಕದಲ್ಲಿ ಇಟ್ಟೆ. ನಾನು ಇಂಟರ್ವ್ಯೂ ತನಕ ಹೋಗಿದ್ದವ್ನು, ಅವ್ಳು ಆಪ್ಟಿಟ್ಯೂಡಲ್ಲೇ ನಿಂತವ್ಳು. ಮೇಲ್ಗಡೆ ಇರೋ ಹೆಸರೊಂದು ಬಿಟ್ರೆ ಮೂರೂ ಲೈನಲ್ಲಿ ಒಂದಕ್ಷರ ಬೇರೆ ಇರ್ಲಿಲ್ಲ.